ಗಡಿಯಾರದವರ ಕೈಯಲ್ಲಿ ಇಲ್ಲದ ನರ

ಮೂಳೆ ಮೇಡಂ ಗುರುವಾರ ಬೆಳಿಗ್ಗೆ ಹೃದಯಾಘಾತದಿಂದ ತೀರಿಕೊಂಡರು. ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸುತ್ತಿದ್ದ ಅವರಿಗೆ ಆ ಹೆಸರಿಟ್ಟವರು ವಿದ್ಯಾರ್ಥಿಗಳು. "ಮೂಳೆ ಅಂದ್ರಲ್ಲ, ಸದ್ಯ, ಅಸ್ಥಿಪಂಜರ ಅನ್ನಲಿಲ್ಲ" ಎಂದು ಮೇಡಂ ತಾವೇ ನಗುತ್ತಿದ್ದರು.

ಅವರು ಎಂಎಸ್ಸಿಗೆ ಅನಾಟಮಿ ತೆಗೆದುಕೊಂಡಾಗ ತಾಯಿ ಹಣೆ ಚಚ್ಚಿಕೊಂಡಿದ್ದರು. "ಮಗಳು ಡಾಕ್ಟರಾ ಅಂತ ಕೇಳ್ತಾರೆ. ಹೌದು ಅಂದ್ರೆ ಸುಳ್ಳು, ಅಲ್ಲ ಅಂದ್ರೆ ಮತ್ತೇನು ಅಂತಾರೆ. ಹೆಣ ಕೊಯ್ಯೋಳು ಅಂತ ಹೇಳ್ಲಾ?"

"ಟೀಚರ್ ಅನ್ನಮ್ಮ, ಸಾಕು."

ಆದರೆ ಆ ಓದು ಮುಗಿಸಿದವರಿಗೆಲ್ಲ ಪಾಠದ ಕೆಲಸ ಕಾದಿರಲಿಲ್ಲ. ಜೊತೆಗಾರನೊಬ್ಬ ಕೃತಕ ಕಾಲು ತಯಾರಿಸುವ ಕಂಪನಿ ಸೇರಿದ. ಗೆಳತಿ ವೈದ್ಯಕೀಯ ಪುಸ್ತಕಗಳಿಗೆ ಚಿತ್ರ ಬರೆಯಲು ಹೋದಳು. ಕಾಲೇಜಿನಲ್ಲಿ ಖಾಲಿಯಿದ್ದ ಒಂದೇ ಹುದ್ದೆ ಮೇಡಂಗೆ ದಕ್ಕಿತು. ದಕ್ಕಿಸಿಕೊಟ್ಟದ್ದು ಒಂದು ಕೈ.

ಅದು ಗಡಿಯಾರ ರಿಪೇರಿ ಮಾಡುತ್ತಿದ್ದವರೊಬ್ಬರ ಬಲಗೈ. ದೇಹದಾನ ಮಾಡಿದ್ದರು. ಆಗಿನ್ನೂ ಓದುತ್ತಿದ್ದ ಮೇಡಂ ಅದರ ಅಂಗೈಯ ಕೊಬ್ಬು ಬಿಡಿಸುವಾಗ, ಹೆಬ್ಬೆರಳಿನ ಬುಡಕ್ಕೆ ಹೋಗುವ ದಾರದಂಥ ನರವನ್ನೂ ಕೊಬ್ಬಿನ ಜೊತೆಗೇ ಕತ್ತರಿಸಿ ಎಸೆದುಬಿಟ್ಟರು. ಕಲಿಯುವವರು ಮಾಡುವಂಥದೇ ತಪ್ಪು. ಪ್ರೊಫೆಸರ್ ಬಂದು ಬಗ್ಗಿ ನೋಡಿದರು.

"ನರ ಎಲ್ಲಮ್ಮ?"

ಬೈಗುಳದ ಹೆದರಿಕೆಗೆ ನಾಲಿಗೆ ತಾನಾಗಿ ಹೊರಳಿತು. "ಇವರಿಗೆ ಅದು ಇರಲೇ ಇಲ್ಲ ಸಾರ್."

ಪ್ರೊಫೆಸರ್ ಬೈಯಲಿಲ್ಲ, ಕುಣಿದಾಡಿದರು. ಇಂಥದ್ದು ಕಣ್ಣಿಗೆ ಬೀಳುವುದೇ ಅಪರೂಪವಂತೆ. ಕೈ ಗಾಜಿನ ಜಾಡಿ ಸೇರಿತು, ಮೇಡಂ ನೌಕರಿ ಸೇರಿದರು.

ಸುದ್ದಿ ಗಡಿಯಾರದವರ ಹೆಂಡತಿಗೂ ಮುಟ್ಟಿತು. ಅಂದಿನಿಂದ ಆಕೆ ಆಗಾಗ ಕಾಲೇಜಿಗೆ ಬಂದು, ಮೇಡಂ ಎದುರಿನ ಕುರ್ಚಿಯಲ್ಲಿ ಹರಡಿಕೊಂಡು ಕೂರುತ್ತಿದ್ದರು. "ಆ ನರ ಇಲ್ಲದೇನೇ ಕೂದಲೆಳೆಯಂಥ ಸ್ಪ್ರಿಂಗ್ ಕೂರಿಸ್ತಿದ್ರಲ್ಲ ನಮ್ಮ ಯಜಮಾನ್ರು! ನಮ್ಮ ಅತ್ತಿಗೆ ಇದ್ದಾಳಲ್ಲ, ಅವರನ್ನ ದಂಡಪಿಂಡ ಅಂತಿದ್ಲು. ಈಗ ಅವಳ ಬಾಯಿಗೆ ಬೀಗ ಹಾಕಿದೀನಿ."

ಮೇಡಂ ತಲೆ ಎತ್ತದೆ ಟೀ ಬಗ್ಗಿಸಿ ಕೊಡುತ್ತಿದ್ದರು. ಆಕೆ ಬಂದುಹೋದ ದಿನ ಮೇಡಂ ಊಟದ ಡಬ್ಬಿಯನ್ನು ತೆರೆಯದೆಯೇ ಮನೆಗೆ ವಾಪಸ್ ಒಯ್ಯುತ್ತಿದ್ದರು.

ಕಳೆದ ವಾರ, ಚಿತ್ರ ಬರೆಯುವ ಗೆಳತಿ ಹೊಸ ಪಠ್ಯಪುಸ್ತಕಕ್ಕೆಂದು ಅದೇ ಕೈಯ ಚಿತ್ರ ಬರೆಯಲು ಬಂದಳು. ಮೇಡಂ ಜಾಡಿಗೆ ಅಡ್ಡ ನಿಂತು, ಇಷ್ಟು ವರ್ಷ ನುಂಗಿಕೊಂಡಿದ್ದನ್ನೆಲ್ಲ ಹೇಳಿದರು. ಗಡಿಯಾರದವರ ಹೆಂಡತಿಗೂ ಹೇಳುತ್ತೇನೆ ಎಂದರು.

"ಅಯ್ಯೋ ಹುಚ್ಚಿ, ನಾನು ಬರೆಯಲ್ಲ ಬಿಡು. ಆ ಅಮ್ಮನಿಗೆ ಯಾಕೆ ಹೇಳ್ತೀಯ? ನಿನ್ನ ಎದೆ ಮೇಲಿನ ಕಲ್ಲು ತೆಗೆದು ಅವರ ಎದೆ ಮೇಲೆ ಇಡ್ತೀಯಾ?"

"ಆ ಅಮ್ಮನ ಗಂಡ ತನ್ನ ಮೈಯನ್ನೇ ಕೊಟ್ಟ ಕಣೇ. ನಾನು ಆ ಮೈ ಮೇಲೆ ಸುಳ್ಳು ಹೇಳಿದೆ."

ಗೆಳತಿ ಪೆನ್ಸಿಲುಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು.

ಬುಧವಾರ, ಮೇಡಂ ತೀರಿಕೊಳ್ಳುವ ಹಿಂದಿನ ದಿನ, ಗಡಿಯಾರದವರ ಹೆಂಡತಿ ಬಂದರು. ಮೇಡಂ ಆ ಕೈಯನ್ನು ಜಾಡಿಯಿಂದ ತೆಗೆದು, ಅದು ಕೆಡದಂತೆ ಹಾಕಿದ್ದ ಫಾರ್ಮಲಿನ್ನಿನ ಘಾಟು ಕಣ್ಣಿಗೆ ಹೊಡೆಯದಂತೆ ನಲ್ಲಿಯ ಕೆಳಗೆ ಬಹಳ ಹೊತ್ತು ತೊಳೆದು, ಸ್ಟೀಲಿನ ಟ್ರೇಯಲ್ಲಿಟ್ಟು ತಂದರು. ನಡೆದದ್ದನ್ನೆಲ್ಲ ನಿಂತುಕೊಂಡೇ ಹೇಳಿದರು.

ಆಕೆ ಟ್ರೇಯಲ್ಲಿದ್ದ ಹೆಬ್ಬೆರಳಿನ ಉಗುರನ್ನೇ ನೋಡುತ್ತಿದ್ದರು. "ಹಾಗಾದ್ರೆ ಎಲ್ಲರ ಕೈ ಥರಾನೇ?"

"ಎಲ್ಲರ ಥರಾನೇ ಅಮ್ಮ. ಕೆಟ್ಟದ್ದು ನನ್ನ ಕೈ."

"ಇದನ್ನ ಹೇಳದೇ ಇದ್ದಿದ್ರೆ ನಿನ್ನ ಗಂಟೇನು ಹೋಗ್ತಿತ್ತಮ್ಮ?"

ಟೀ ಮುಟ್ಟದೆ ಎದ್ದರು. ಬಾಗಿಲ ಬಳಿ ನಿಂತು, "ನಾನಂತೂ ಅತ್ತಿಗೆಗೆ ಹೇಳಲ್ಲ" ಎಂದು ಹೊರಟುಹೋದರು.

ಮೇಡಂಗೆ ಎದೆ ಹಗುರಾಗಲಿಲ್ಲ. ಬೇರೆ ದಿನವಾಗಿದ್ದರೆ ಆ ಕೊನೆಯ ಮಾತಿಗೆ ನಗುತ್ತಿದ್ದರೇನೋ. ಕ್ಲಾಸಿನ ಗಂಟೆ ಹೊಡೆಯಿತು. ಟ್ರೇ ಹಿಡಿದುಕೊಂಡೇ ಹೋದರು. ಹುಡುಗ ಹುಡುಗಿಯರ ಎದುರು, ಇಷ್ಟು ವರ್ಷ ಸ್ನಾಯುವಿನ ಮರೆಯಲ್ಲಿ ಅಡಗಿದ್ದ, ಕತ್ತರಿಸಿದ ನರದ ಮೊಂಡು ತುದಿಯನ್ನು ಇಕ್ಕಳದಿಂದ ಎತ್ತಿ ತೋರಿಸಿದರು.

"ಇವರಿಗೆ ನರ ಇತ್ತು. ಕತ್ತರಿಸಿದವಳು ನಾನು. ಇಲ್ಲ ಅಂತ ನಿಮಗೆ ಕಲಿಸಿದವಳೂ ನಾನೇ. ಸರಿಯಾಗಿ ನೋಡಿ."

ಮೇಡಂ ಟ್ರೇಯನ್ನು ಮುಂದಿನ ಬೆಂಚಿನವರ ಕೈಗೆ ದಾಟಿಸಿದರು.