ಮೂರು ದಿನದ ಊಟದ ಹಾಳೆ

ಮೊನ್ನೆ ಪಕ್ಕದ ಮನೆಯಲ್ಲಿ ಯಾರೋ ಅಗಸಿ ಹುರಿಯುತ್ತಿದ್ದರು. ಚಟಚಟ ಸದ್ದು, ಅದರ ಬೆನ್ನಿಗೇ ಎಣ್ಣೆಯ ಘಮ. ಚಟ್ನಿಪುಡಿ ಮಾಡುತ್ತಿದ್ದಾರೆ ಎಂದುಕೊಳ್ಳುವಷ್ಟರಲ್ಲಿ ನಮ್ಮ ಅಕ್ಕೋರ ನೆನಪು ಬಂದೇಬಿಟ್ಟಿತು. ಈ ವಾಸನೆ ಬಂದರೆ ಸಾಕು, "ಯಾರ ಬುತ್ತಿಯೊಳಗ ಐತ್ರಿ ಅದು?" ಎಂದು ಕಚೇರಿಯೆಲ್ಲ ಹುಡುಕುತ್ತಿದ್ದರು. ಮಂದಿ ಏನು ತಿನ್ನುತ್ತಾರೆ ಎಂಬ ಅಂಥ ಕುತೂಹಲದ ಮನುಷ್ಯರನ್ನು ಈ ಎಂಬತ್ತು ವರ್ಷದಲ್ಲಿ ನಾನು ಬೇರೆ ಕಂಡಿಲ್ಲ.

ಸ್ವಾತಂತ್ರ್ಯ ಬಂದು ಹತ್ತು-ಹನ್ನೊಂದು ವರ್ಷವಾಗಿತ್ತು. ಅರಭಾವಿ ಕಡೆಯ ಒಂದು ಕೃಷಿ ತರಬೇತಿ ಶಾಲೆಯಲ್ಲಿ ನಾನು ಕಾರಕೂನ. ಮೂಡಲಗಿಯಿಂದ ದಿನಾ ಸೈಕಲ್ಲು. ಹಳ್ಳಿಯ ಹೆಂಗಸರಿಗೆ ಊಟದ ತಿಳಿವಳಿಕೆ ಹೇಳಲೆಂದು ಸರಕಾರ ಅಕ್ಕೋರನ್ನು ಅಲ್ಲಿಗೆ ಕಳಿಸಿತ್ತು. ಹುಕ್ಕೇರಿ ಕಡೆಯವರು, ಮೂವತ್ತೈದರ ಆಚೀಚೆ, ಹೆಗಲಿಗೊಂದು ಖಾದಿ ಚೀಲ. ಬಂದ ವಾರದಲ್ಲೇ ಅವರು, ಹಳ್ಳಿ ಆಮೇಲೆ, ಮೊದಲು ನಮ್ಮ ಶಾಲೆಯ ನೌಕರರ ಬುತ್ತಿ ನೋಡಬೇಕು ಎಂದರು.

"ಹೇಳಾವ್ರ ಹೊಟ್ಟಿಯೊಳಗ ಏನೈತಿ ಅಂತ ಕೇಳಾವ್ರು ಮೊದಲ ನೋಡ್ತಾರ್ರಿ," ಎಂದು ನಕ್ಕರು.

ಬುತ್ತಿ ತೋರಿಸುವುದೆಂದರೆ! ಆಗ ನಾವು ಒಬ್ಬೊಬ್ಬರು ಒಂದೊಂದು ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದೆವು. ಜಾತಿ, ಮನೆಯ ಸ್ಥಿತಿ, ಅತ್ತೆ-ಸೊಸೆಯರ ಜಗಳ, ಎಲ್ಲವೂ ಬುತ್ತಿಯಲ್ಲೇ ತಿಳಿಯುತ್ತಿತ್ತು. ನಮ್ಮ ಕಚೇರಿಯ ಸಿಪಾಯಿಯಂತೂ ಹೊರಗೆ ಬೇವಿನ ಗಿಡದ ಕೆಳಗೇ ಕೂಡುತ್ತಿದ್ದ. ಅವನು ಬೌದ್ಧ ಧರ್ಮಕ್ಕೆ ಸೇರಿ ಒಂದೆರಡು ವರ್ಷವಾಗಿದ್ದರೂ ಅವನ ಜಾಗ ಬದಲಾಗಿರಲಿಲ್ಲ. ಇನ್ನು ನಾವು ಕಾರಕೂನರು... ಪಗಾರ ಶುರುವಾದ ಮರುದಿನದಿಂದಲೇ ಜೋಳದ ರೊಟ್ಟಿ ಬಿಟ್ಟು ಗಿರಣಿಯ ಬಿಳಿ ಅನ್ನ ಹಿಡಿದವರು. ರೊಟ್ಟಿ ತಿಂದರೆ ಒಕ್ಕಲುತನದವರು, ಅನ್ನ ತಿಂದರೆ ಸಾಹೇಬರು. ಹೀಗಿತ್ತು ನಮ್ಮ ಶಾಣ್ಯಾತನ!

ಅಕ್ಕೋರು ನನ್ನ ಡಬ್ಬಿಯಲ್ಲಿ ಇಣುಕಿದರು. "ಅನ್ನ, ಸಾರು, ಮತ್ತ? ಮುಗೀತೇನ್ರಿ? ಪಲ್ಲ್ಯ ಇಲ್ಲ, ಕಾಳಿಲ್ಲ. ಹಿಂಗ ಉಂಡ್ರ ಸಾಹೇಬ್ರ ಆಗಾಂಗಿಲ್ಲ, ಪೇಶಂಟ್ ಆಗ್ತೀರಿ." ನೇರವಾಗಿ ಬೇವಿನ ಗಿಡದ ಕಡೆಗೆ ಹೋಗಿ ಸಿಪಾಯಿಯ ಎದುರು ಕುಂತರು. ರೊಟ್ಟಿ, ಹುರಳಿಕಾಳು, ಮೆಂತ್ಯ ಸೊಪ್ಪು, ಅಗಸಿ ಹಿಂಡಿ ಎನ್ನುವ ಚಟ್ನಿಪುಡಿ. ಅರ್ಧ ರೊಟ್ಟಿ ಇಸಿದುಕೊಂಡು ಅಲ್ಲೇ ತಿಂದರು. ಕಚೇರಿಯಲ್ಲಿ ಎರಡು ದಿನ ಅದೇ ಮಾತು.

ಮೂರನೆಯ ದಿನ ಎಲ್ಲರ ಕೈಗೂ ಒಂದೊಂದು ಹಾಳೆ ಕೊಟ್ಟರು. ಮೂರು ದಿನ, ದಿನಕ್ಕೆ ಮುಂಜಾನೆ, ಮಧ್ಯಾಹ್ನ, ಸಂಜೆ. ಒಂಬತ್ತು ಖಾನೆ. ಬರೆಯಬೇಕಾದದ್ದು ನಮ್ಮ ಊಟವಲ್ಲ, ನಮ್ಮ ಹೆಂಡತಿ ಏನು ಉಂಡಳು ಎಂಬುದು. "ಮನಿಯೊಳಗ ಕೇಳ್ರಿ, ನೋಡ್ರಿ, ಬರೀರಿ," ಎಂದರು.

ನನ್ನ ಹೆಂಡತಿಗೆ ಆಗ ಐದು ತಿಂಗಳು. ಮೊದಲ ಕೂಸು ತಿಂಗಳು ತುಂಬುವ ಮೊದಲೇ ಹುಟ್ಟಿ ತೀರಿಹೋಗಿತ್ತು. ಈ ಸಲವೂ ಅವಳ ಕಣ್ಣು, ಉಗುರು ಬೆಳ್ಳಗೆ ಕಾಣುತ್ತಿದ್ದವು. ನನಗೆ ಅಂಜಿಕೆ ಇತ್ತು, ಆದರೆ ಅಂಜಿಕೆಗೂ ಊಟಕ್ಕೂ ಸಂಬಂಧವಿದೆ ಎಂದು ಹೊಳೆದಿರಲಿಲ್ಲ. ಕಾರಕೂನನ ಚಟ ಗೊತ್ತಲ್ಲ? ಖಾನೆ ಖಾಲಿ ಬಿಡಬಾರದು. ಮನೆಗೆ ಹೋಗಿ ಕೇಳುವ ಗೊಡವೆಗೇ ಹೋಗದೆ ಮೇಜಿನ ಮೇಲೆಯೇ ದುಂಡಗಿನ ಅಕ್ಷರದಲ್ಲಿ ಬರೆದೆ: ಹಾಲು, ರೊಟ್ಟಿ, ಬೇಳೆ, ರಾಜಗಿರಿ ಪಲ್ಯ, ಶೇಂಗಾ.

ಸಿಪಾಯಿಗೆ ಬರೆಯಲು ಬಾರದು. ಅವನ ಹಾಳೆಯನ್ನೂ ನಾನೇ ಬರೆದೆ. "ಮುಂಜಾನೆ ಏನು?" ಎಂದೆ.

"ಉಳಿದಿದ್ದು ಅಂತ ಬರೀರಿ."

"ಮಧ್ಯಾಹ್ನ?"

"ಉಳಿದಿದ್ದ ರೀ. ಗಂಡಸರು, ಹುಡುಗರು ಉಂಡು ಉಳಿದಿದ್ದು. ಒಮ್ಮೊಮ್ಮಿ ಏನೂ ಉಳಿಯಾಂಗಿಲ್ಲ. ನಿನ್ನಿ ಕೇಳಿದೆ, ಆಗ ಗೊತ್ತಾತು."

ನನಗೆ ನಗು ಬಂತು. ಹೌದು, ನಕ್ಕೆ... ಈಗ ನೆನೆದರೆ ನಾಚಿಕೆಯಾಗುತ್ತದೆ.

ನನ್ನ ಹಾಳೆ ನೋಡಿ ಅಕ್ಕೋರಿಗೆ ಖುಷಿಯೋ ಖುಷಿ. "ನಿಮ್ಮ ಮನಿ ಛಲೋ ಐತ್ರಿ. ನಾ ಬರೂ ಅವಶ್ಯಕತಾನ ಇಲ್ಲ," ಎಂದು ಸಿಪಾಯಿಯ ಮನೆಗೆ ಹೋದರು. ವಾರಕ್ಕೆ ಎರಡು ಸಲ ಹೋದರು.

ಇಪ್ಪತ್ತು ದಿನದ ಮೇಲೆ ಒಂದು ಭಾನುವಾರ, ನಾನು ಉಂಡು ಕೈತೊಳೆಯುವ ಹೊತ್ತಿಗೆ ಅಡುಗೆಮನೆಯಲ್ಲಿ ಧೊಪ್ಪೆಂದು ಸದ್ದಾಯಿತು. ಓಡಿಹೋದೆ. ಹೆಂಡತಿ ಒಲೆಯ ಬಾಜೂಕೆ ಬಿದ್ದಿದ್ದಳು. ಮುಂದೆ ಅವಳ ತಾಟು. ಅದರಲ್ಲಿ ಅರ್ಧ ರೊಟ್ಟಿ, ಖಾರಪುಡಿ. ಗಡಿಗೆಯಲ್ಲಿ ಸಾರಿನ ತಳ ಕಾಣುತ್ತಿತ್ತು. ನೀರು ಚಿಮುಕಿಸಿ ಎಬ್ಬಿಸಿ, "ನೀ ದಿನಾ ಇದನ್ನ ಉಣ್ತಿಯೇನು?" ಎಂದೆ. "ನಿಮಗ್ಯಾಕ ಆ ಉಸಾಬರಿ," ಎಂದು ಸೆರಗು ಸರಿಮಾಡಿಕೊಂಡಳು. ನಮ್ಮವ್ವ, "ಬಸುರಿ ಹೆಚ್ಚ ಉಂಡ್ರ ಕೂಸು ದೊಡ್ಡದಾಗ್ತೈತಿ, ಹಡಿಯಾಕ ತ್ರಾಸು," ಎಂದಳು. ಅವಳು ಕೇಡು ಬಯಸಿದವಳಲ್ಲ. ಅವಳಿಗೂ ಯಾರೋ ಹಾಗೇ ಹೇಳಿದ್ದರು.

ಮರುದಿನ ಅಕ್ಕೋರ ಎದುರು ನಿಂತೆ. "ನಾ ಹಾಳಿಯೊಳಗ ಬರದದ್ದೆಲ್ಲಾ ಸುಳ್ಳರಿ," ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಫೈಲಿನಿಂದ ನನ್ನ ಹಾಳೆ ತೆಗೆದು ನನ್ನ ಕೈಗೇ ಇಟ್ಟರು. "ತಮ್ಮಾ, ಸಿಪಾಯಿ ಖರೆ ಹೇಳಿದ, ಅವನ ಹೇಣ್ತಿ ಸುಧಾರಿಸಿದ್ಲು. ನಿಂದೂ ಖರೇದು ಬರಕೊಂಡು ಬಾ. ನಡಿ ಈಗ, ಮನಿಗೆ ಹೋಗೂಣು."

ಮನೆಗೆ ಬಂದವರೇ ಹಿತ್ತಲಿನ ಎಮ್ಮೆ ನೋಡಿದರು. "ಅವ್ವಾರ, ಎಮ್ಮಿ ಗಬ್ಬ ಐತಿ ಕಾಣ್ತೈತಿ. ಹತ್ತಿಕಾಳು ಇಡ್ತೀರೇನ್ರಿ?"

"ಇಡದ ಇದ್ರ ಹೆಂಗ್ರಿ? ಕರು ಗಟ್ಟಿ ಆಗಬೇಕಲ್ರಿ," ಎಂದಳು ಅವ್ವ.

"ಮತ್ತ ಸೊಸಿಗೆ?"

ಅವ್ವ ತಾನೇ ಎದ್ದು ಎರಡು ತಾಟು ಇಟ್ಟಳು, ಒಂದು ಅಕ್ಕೋರಿಗೆ, ಒಂದು ಸೊಸೆಗೆ. ನಾನು ಬಾಗಿಲಲ್ಲಿ ನಿಂತೇ ಇದ್ದೆ, ಉಪವಾಸ. ಹೆಂಡತಿ ನನಗಿಂತ ಮೊದಲು ಉಂಡದ್ದನ್ನು ಅಂದೇ ಕಂಡದ್ದು. ತಲೆ ಎತ್ತದೆ, ನಾಚುತ್ತ, ಹಸಿದವರು ಉಣ್ಣುವ ಹಾಗೆ ಉಂಡಳು. ನನಗೆ ಅಳು ಬಂತು.

ಮುಂದೆ ನಾಲ್ಕು ತಿಂಗಳು ಅಕ್ಕೋರು ಬಂದು ಹೋಗಿ ಮಾಡಿದರು. ಮಗಳು ಹುಟ್ಟಿದಳು, ಗಟ್ಟಿಮುಟ್ಟಾಗಿ. ನಾಮಕರಣಕ್ಕೆ ಕರೆಯಲು ಹೋದರೆ ಅಕ್ಕೋರಿಗೆ ವರ್ಗವಾಗಿತ್ತು. ಎಲ್ಲಿಗೆ ಎಂದು ಯಾರಿಗೂ ಸರಿಯಾಗಿ ತಿಳಿಯದು. ಕಾಗದ ಬರೆಯಬೇಕು, ಹುಡುಕಬೇಕು ಎಂದುಕೊಳ್ಳುತ್ತಲೇ ವರ್ಷಗಳು ಹೋದವು... ಮುಂದೆ ಎಂದೋ ಹುಕ್ಕೇರಿ ಸಂತೆಯಲ್ಲಿ ಅವರ ಊರಿನವರೊಬ್ಬರು ಸಿಕ್ಕು, ಅವರು ತೀರಿಕೊಂಡ ಸುದ್ದಿ ಹೇಳಿದರು. ಸಂತೆಯ ಚೀಲ ಹಿಡಿದುಕೊಂಡು ಅಲ್ಲೇ ಕುಂತುಬಿಟ್ಟೆ.

ಅಗಸಿಯ ವಾಸನೆ ಬಂದ ದಿನ ಟ್ರಂಕಿನಿಂದ ಆ ಹಾಳೆ ತೆಗೆದೆ. ಖರೇದು ಬರಕೊಂಡು ಬಾ ಎಂದಿದ್ದರಲ್ಲ, ಬರೆದೇ ಇರಲಿಲ್ಲ. ಹಳೆಯ ಸುಳ್ಳನ್ನು ಹೊಡೆದುಹಾಕಿ, ಹಿಂಬದಿಗೆ ಒಂಬತ್ತು ಖಾನೆ ಎಳೆದು ಕುಂತೆ. ಒಂದರಲ್ಲಿ ಬರೆದೆ: ಅರ್ಧ ರೊಟ್ಟಿ, ಖಾರಪುಡಿ. ಉಳಿದ ಎಂಟಕ್ಕೆ ಪೆನ್ನು ಓಡಲಿಲ್ಲ. ಕೇಳೋಣವೆಂದರೆ ಹೆಂಡತಿ ಹೋಗಿ ಎರಡು ವರ್ಷವಾಯಿತು.