ಶೇಂಗಾ ಹಿಂಡಿ ಎಂಬ ಪಾಸ್‌ವರ್ಡ್

ನೀಲವ್ವ ನಮ್ಮ ಮನೆಯಿಂದ ಏನನ್ನೂ ಕದ್ದಿರಲಿಲ್ಲ. ಅವಳನ್ನು ಕೆಲಸದಿಂದ ಬಿಡಿಸಿದ ಮರುದಿನ ಸಂಜೆಯೇ ಇದು ನನಗೆ ಗೊತ್ತಾಯಿತು. ಗೊತ್ತಾದ ಮೇಲೂ ನಾಲ್ಕು ವರ್ಷ ಸುಮ್ಮನಿದ್ದೆ. ಈ ಮೂರು ವಾಕ್ಯ ಬರೆಯುವುದು ಬಹಳ ಕಷ್ಟವಾಯಿತು ಎಂದು ಬರೆಯಹೊರಟಿದ್ದೆ — ಅದೂ ನಿಜವಲ್ಲ. ಮೂರು ನಿಮಿಷ ಸಾಕಾಯಿತು. ಬರೆಯುವ ಮನಸ್ಸು ಮಾಡಿರಲಿಲ್ಲ, ಅಷ್ಟೇ.

ನಾನು ಧಾರವಾಡದಲ್ಲಿ ಇತಿಹಾಸ ಓದಿದವಳು. ಮದುವೆಯಾಗಿ ಪುಣೆಗೆ ಬಂದು ಇಪ್ಪತ್ತು ವರ್ಷ. ದಿನಚರಿ ಬರೆಯುವ ರೂಢಿ ಇದೆ. ಅದನ್ನು ಪೂರ್ತಿ ನಂಬುವುದಿಲ್ಲ, ನೆನಪನ್ನು ಅದಕ್ಕಿಂತಲೂ ಕಡಿಮೆ ನಂಬುತ್ತೇನೆ. ನೀಲವ್ವ ಕಲಬುರ್ಗಿ ಕಡೆಯವಳು. ಗಂಡ ಗೋಡೆ ಕಟ್ಟುವ ಗೌಂಡಿ ಕೆಲಸದವನು. ನಮ್ಮ ಮನೆಯಲ್ಲೂ ಅದೇ ಕಟ್ಟಡದ ಇನ್ನೆರಡು ಮನೆಗಳಲ್ಲೂ ಅವಳು ಅಡುಗೆ ಮಾಡುತ್ತಿದ್ದಳು.

ಆ ವರ್ಷ ನಮ್ಮ ಮನೆಗೆ ಹೊಸ ವೈಫೈ ಬಂತು. ತಂತಿ ಎಳೆದವನು ಪೆಟ್ಟಿಗೆಯನ್ನು ಗೋಡೆಗೆ ಕೂಡಿಸಿ, ಅದರ ಬೆನ್ನಿಗೆ ಅಂಟಿಸಿದ್ದ ಚೀಟಿಯನ್ನು ತೋರಿಸಿ ಹೋದ. ನನ್ನ ಗಂಡ ಶ್ರೀಕಾಂತನಿಗೆ ಹಡಪಸರದ ಆಫೀಸೇ ಸಾಕಾಗಿತ್ತು. ಹಾಗಾಗಿ ಪೆಟ್ಟಿಗೆಗೆ ಬೀಗ ಹಾಕುವ ಕೆಲಸ ನನ್ನದಾಯಿತು. ಎರಡು ದಿನ ಓದಿದೆ. ಕಾರ್ಖಾನೆಯವರು ಎಲ್ಲ ಪೆಟ್ಟಿಗೆಗಳಿಗೂ ಕೊಡುವ ಒಂದೇ ಬಗೆಯ ಒಳಕೀಲಿಯನ್ನು, ಎಂದರೆ ಪೆಟ್ಟಿಗೆಯ ಸೆಟ್ಟಿಂಗ್ ತೆರೆಯುವ ಗುಪ್ತಪದವನ್ನು, ಮೊದಲು ಬದಲಿಸಿದೆ. ಒಂದು ಗುಂಡಿ ಒತ್ತಿದರೆ ಹತ್ತಿರದ ಯಾವ ಫೋನನ್ನಾದರೂ ಒಳಗೆ ಬಿಟ್ಟುಕೊಳ್ಳುವ ಸೌಕರ್ಯವೊಂದಿತ್ತು, ಅದನ್ನು ಬಂದ್ ಮಾಡಿದೆ. ಆಮೇಲೆ, ನಮ್ಮ ವೈಫೈ ಎಲ್ಲಿಯವರೆಗೆ ಹರಡಿದೆ ಎಂದು ನೋಡಲು ಫೋನ್ ಹಿಡಿದು ಹೊರಟೆ. ಬಾಗಿಲು ದಾಟಿದೆ, ಇತ್ತು. ಮೆಟ್ಟಿಲಿಳಿದೆ, ಇತ್ತು. ಕೆಳಗಿನ ಮನೆಯ ಚಪ್ಪಲಿ ಸ್ಟ್ಯಾಂಡಿನ ಎದುರು ನಿಂತೆ — ಅಲ್ಲೂ ಎರಡು ಗೆರೆ ಇದ್ದವು. ಇಷ್ಟು ವರ್ಷ ನಮ್ಮ ಮನೆ ಗೋಡೆಯ ಬಳಿ ಮುಗಿಯುತ್ತದೆ ಎಂದುಕೊಂಡಿದ್ದೆ. ಅದು ಗೋಡೆಯೊಳಗಿಂದ ಹಾದು ಯಾರದೋ ಅಡುಗೆಮನೆಯಲ್ಲಿ, ಯಾರದೋ ದೇವರ ಕೋಣೆಯಲ್ಲಿ ಸದ್ದಿಲ್ಲದೆ ಕೂತಿತ್ತು. ಮೈ ಜುಮ್ಮೆಂದಿತು. ಹೆದರಿಕೆಯೂ ಆಯಿತು ಎಂದು ದಿನಚರಿಯಲ್ಲಿದೆ; ನೆನಪಿನಲ್ಲಿ ಬರೀ ಬೆರಗಿದೆ.

ಪಾಸ್‌ವರ್ಡ್ ಶ್ರೀಕಾಂತನದು. ಹುರಿದ ಶೇಂಗಾ, ಬೆಳ್ಳುಳ್ಳಿ, ಖಾರ ಹಾಕಿ ಕುಟ್ಟಿದ ಚಟ್ನಿಪುಡಿಗೆ ನಮ್ಮ ಕಡೆ ಹಿಂಡಿ ಎನ್ನುತ್ತಾರೆ. "ಶೇಂಗಾ ಹಿಂಡಿ ಅಂತ ಇಡು. ಇಲ್ಲಿ ಮಂದಿ ಕಿವಿಗೆ ಬಿದ್ರೂ ಹಿಂದಿ ಭಾಷಾ ಅಂತ ತಿಳೀತಾರ. ಜನ್ಮದಾಗ ಹೊಳಿಯೂದಿಲ್ಲ," ಎಂದ. ಮುಂದೆರಡು ಅಂಕಿ ಸೇರಿಸಿದೆ. ಅಂದಿನಿಂದ ನಮ್ಮಿಬ್ಬರ ಬಾಯಲ್ಲಿ ಪಾಸ್‌ವರ್ಡ್ ಎಂಬ ಶಬ್ದವೇ ಹೋಯಿತು. "ಹಿಂಡಿ ಏನು ಹೇಳು", "ಟೀವಿಗೆ ಹಿಂಡಿ ಹಾಕಿದ್ಯೇನು" — ಹೀಗೆ. ನಿಜವಾದ ಹಿಂಡಿಯನ್ನು ಕುಟ್ಟಿ ಡಬ್ಬಿಗೆ ತುಂಬುತ್ತಿದ್ದವಳು ನೀಲವ್ವ.

ಪೆಟ್ಟಿಗೆಯೊಳಗೆ ಒಂದು ಪಟ್ಟಿ ಇರುತ್ತದೆ. ಯಾವ ಯಾವ ಫೋನು, ಯಂತ್ರ ಈಗ ಮನೆಯ ವೈಫೈಗೆ ಕೂಡಿಕೊಂಡಿವೆ ಎಂದು ಅದು ತೋರಿಸುತ್ತದೆ. ಒಂದೊಂದಕ್ಕೂ ನಾನೇ ಹೆಸರಿಟ್ಟೆ: ಶ್ರೀಕಾಂತನ ಫೋನು, ಅವನ ಲ್ಯಾಪ್‌ಟಾಪು, ಟೀವಿ, ನನ್ನ ಫೋನು, ನೀಲವ್ವನ ಫೋನು. ನೀಲವ್ವ ಊರಲ್ಲಿದ್ದ ತಂಗಿಯ ಮುಖ ನೋಡಿ ಮಾತಾಡಲಿ ಎಂದು ಅವಳಿಗೂ ವೈಫೈ ಹಾಕಿಕೊಟ್ಟಿದ್ದೆ. ಶ್ರೀಕಾಂತ ಗೇಟು ದಾಟಿದರೆ ಅವನ ಹೆಸರು ಮಸುಕಾಗುತ್ತಿತ್ತು. ಮನೆಯ ಉಸಿರಾಟ ಕಾಣುತ್ತಿದೆ ಎನ್ನಿಸುತ್ತಿತ್ತು ನನಗೆ. ದಿನಕ್ಕೆ ಹತ್ತು ಸಲ ನೋಡುತ್ತಿದ್ದೆ. ಹೆಸರಿಟ್ಟ ಮರುದಿನ ನನ್ನ ಫೋನಿಗೆ ವೈಫೈ ಸಿಗದೆ ಹಟ ಹಿಡಿಯಿತು. ಈ ನೆಟ್‌ವರ್ಕನ್ನು ಮರೆತುಬಿಡು ಎಂದು ಫೋನಿಗೆ ಹೇಳಿ, ಪುನಃ ಕೂಡಿಸಿದೆ. ಸರಿಹೋಯಿತು. ಆ ಮಾತು ಅಲ್ಲಿಗೆ ಬಿಟ್ಟೆ.

ಅದೇ ದಿನ ಪಟ್ಟಿಯಲ್ಲಿ ಹೆಸರಿಲ್ಲದ ಫೋನೊಂದು ಕಂಡಿತು.

ಬೆಳಿಗ್ಗೆ ನೋಡಿದೆ, ಇತ್ತು. ಮಧ್ಯಾಹ್ನ ನೋಡಿದೆ, ಇತ್ತು. ನಾನು ನೋಡಿದಾಗಲೆಲ್ಲ ಅದು ಅಲ್ಲಿತ್ತು. ಮೂರು ದಿನ ನೋಡಿದೆ. ಮನೆಯವರ ಹೆಸರೆಲ್ಲ ಕೆಳಗೆ ಇದ್ದೇ ಇದ್ದವು — ನನ್ನ ಹೆಸರು ಮಸುಕಾಗಿತ್ತೇ? ಆಗಿತ್ತು, ಆಗಿರಲೇಬೇಕು. ಆದರೆ ತನ್ನ ಹೆಸರನ್ನು ಯಾರು ಅಷ್ಟು ಗಮನಿಸಿ ಓದುತ್ತಾರೆ? ಯಾರೋ ಒಳಗೆ ಬಂದಿದ್ದಾರೆ ಎಂಬುದಷ್ಟೇ ತಲೆಯಲ್ಲಿತ್ತು. ನಮ್ಮಿಬ್ಬರನ್ನು ಬಿಟ್ಟರೆ ಆ ಶಬ್ದ ಗೊತ್ತಿದ್ದವಳು ನೀಲವ್ವ ಒಬ್ಬಳೇ ಎಂದು ತೀರ್ಮಾನಿಸಿದೆ. ಈಗ ಯೋಚಿಸಿದರೆ ಅವಳ ಫೋನಿನಲ್ಲಿ ಅದನ್ನು ಒತ್ತಿದವಳು ನಾನೇ. ಒತ್ತುವಾಗ ಬಾಯಿಬಿಟ್ಟು ಹೇಳಿದ್ದೆನೇ? ಅಂದು ಹೇಳಿದ್ದೆ ಎಂದು ಖಾತ್ರಿಯಿತ್ತು. ಇಂದು ಹೇಳಿರಲಿಲ್ಲ ಎಂದು ಅಷ್ಟೇ ಖಾತ್ರಿಯಿದೆ.

ನಾಲ್ಕನೆಯ ಬೆಳಿಗ್ಗೆ ಅವಳು ರೊಟ್ಟಿ ತಟ್ಟುತ್ತಿದ್ದಾಗ ಕೇಳಿದೆ.

"ನೀಲವ್ವ, ನಮ್ಮ ಮನೀ ಶೇಂಗಾ ಹಿಂಡಿ ಯಾರಿಗರ ಕೊಟ್ಟೀಯೇನು?"

"ಹೌದ್ರಿ ಅಕ್ಕಾರ. ಕೆಳಗಿನ ಮನೀ ಕಾಕು ಕೇಳಿದ್ರು, ಕೊಟ್ಟೀನಿ."

ಎಷ್ಟು ಸರಾಗವಾಗಿ ಹೇಳಿದಳು! ಆ ಸರಾಗವೇ ನನ್ನನ್ನು ಕೆರಳಿಸಿತು. "ನನ್ನ ಒಂದ್ ಮಾತ ಕೇಳಬೇಕು ಅನಿಸಲಿಲ್ಲ?"

"ಕೇಳೂದೇನದ ಅಕ್ಕಾರ, ಕೊಟ್ರ ಏನ್ ಕಡಿಮಿ ಆಗ್ತದ?"

"ಇದಕ್ಕ ಕಳವು ಅಂತಾರ," ಎಂದೆ. "ನಾಳಿಂದ ಬರಬ್ಯಾಡ."

ಅವಳು ಹಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿ ಹಾಕಿ, ಬೇಯಿಸಿ, ಇಳಿಸಿ, ಒಲೆ ಆರಿಸಿದಳು. ಕೈ ತೊಳೆದಳು. "ಕಳವು ಅಂದ್ರಿ," ಎಂದಳು — ಅದು ಪ್ರಶ್ನೆಯಾಗಿತ್ತೋ ಅಲ್ಲವೋ ಈಗಲೂ ತಿಳಿಯದು. ಅವತ್ತಿನ ದಿನಚರಿಯಲ್ಲಿ ನಾಲ್ಕೇ ಶಬ್ದ: ನೀಲವ್ವನನ್ನು ಬಿಡಿಸಿದೆ. ತಾನೇ ಒಪ್ಪಿಕೊಂಡಳು. ಮುಗಿಸಿದ ಆ ಕಡೆಯ ರೊಟ್ಟಿಯ ವಿಷಯ ಅಲ್ಲಿಲ್ಲ. ಅದನ್ನು ಮಧ್ಯಾಹ್ನ ನಾನೇ ತಿಂದಿರಬೇಕು.

ಮರುದಿನ ಸಂಜೆ ಪಾಸ್‌ವರ್ಡ್ ಬದಲಿಸಿದೆ. ಶ್ರೀಕಾಂತನಿಗೂ ಇನ್ನೂ ಹೇಳಿರಲಿಲ್ಲ. ಲ್ಯಾಪ್‌ಟಾಪಿಗೆ ತಂತಿ ಚುಚ್ಚಿ ಪಟ್ಟಿ ತೆರೆದು ಕೂತೆ. ಕೂಡಿಕೊಂಡ ಫೋನು ಒಂದೂ ಇರಲಿಲ್ಲ, ಎಲ್ಲ ಹೆಸರೂ ಮಸುಕಾಗಿದ್ದವು. ನನ್ನ ಫೋನಿನಲ್ಲಿ ಹೊಸ ಪಾಸ್‌ವರ್ಡ್ ಒತ್ತಿದೆ. ಆ ಕ್ಷಣ ಹೆಸರಿಲ್ಲದ ಫೋನು ಪಟ್ಟಿಯಲ್ಲಿ ಬೆಳಗಿತು.

ನನ್ನ ಫೋನಿನ ವೈಫೈ ಆರಿಸಿದೆ. ಅದು ಮಸುಕಾಯಿತು. ಹಚ್ಚಿದೆ. ಬಂತು.

ಎಷ್ಟು ಸಲ ಆರಿಸಿ ಹಚ್ಚಿದೆನೋ. ಆಮೇಲೆ ಓದಿ ತಿಳಿದುಕೊಂಡೆ: ಯಾರೂ ಹಿಂಬಾಲಿಸದಿರಲಿ ಎಂದು ಈಗಿನ ಫೋನುಗಳು ತಮ್ಮ ನಿಜವಾದ ಗುರುತನ್ನು ಮುಚ್ಚಿ, ತಾವೇ ಒಂದು ಗುರುತು ಕಟ್ಟಿಕೊಳ್ಳುತ್ತವಂತೆ. ಮರೆತುಬಿಡು ಎಂದು ಹೇಳಿ ಪುನಃ ಕೂಡಿಸಿದರೆ ಕೆಲವು ಹೊಸದೇ ಗುರುತಿನಲ್ಲಿ ಬರುತ್ತವೆ. ಮೂರು ದಿನ ನಾನು ಕಾದು ಕೂತು ನೋಡಿದ ಕಳ್ಳ ಫೋನು ನನ್ನ ಕೈಯಲ್ಲೇ ಇತ್ತು, ಅದರಲ್ಲೇ ನೋಡುತ್ತಿದ್ದೆ. ನಾನು ನೋಡಿದಾಗಲೆಲ್ಲ ಅದು ಅಲ್ಲಿರದೆ ಇನ್ನೆಲ್ಲಿರುತ್ತದೆ! ಬದುಕಿನಲ್ಲಿ ಅಷ್ಟು ದೊಡ್ಡ ಬೆರಗು ನನಗೆ ಆಗಿದ್ದಿಲ್ಲ. ನಾಚಿಕೆ ಆಮೇಲೆ ಬಂತು. ಮೊದಲು ಬಂದದ್ದು ಬೆರಗೇ — ಇದನ್ನು ಒಪ್ಪಿಕೊಳ್ಳಬೇಕು.

ಹಾಗಾದರೆ ಅವಳು 'ಕೊಟ್ಟೀನಿ' ಎಂದದ್ದೇಕೆ? ಅದಕ್ಕೆ ಉತ್ತರ ಅದರ ಮರುದಿನ ಬಾಗಿಲಿಗೇ ಬಂತು. ಎಲ್ಲರೂ ಕಾಕು, ಎಂದರೆ ಚಿಕ್ಕಮ್ಮ, ಎಂದೇ ಕರೆಯುವ ಕೆಳಗಿನ ಮನೆಯ ಜೋಶಿ ಕಾಕು ಪುಟ್ಟ ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದರು. ನಿಮ್ಮ ಶೇಂಗಾ ಚಟ್ನಿ ಬಹಳ ರುಚಿಯಾಗಿತ್ತು, ನಿಮ್ಮ ಅಡುಗೆಯವಳು ಕೊಟ್ಟಿದ್ದಳು ಎಂದರು ಮರಾಠಿಯಲ್ಲಿ. ಡಬ್ಬಿ ಕೈಗೆ ತೆಗೆದುಕೊಂಡೆ. ನಾನು ಕೇಳಿದ್ದು ಯಾವ ಹಿಂಡಿ, ಅವಳು ಹೇಳಿದ್ದು ಯಾವ ಹಿಂಡಿ! ಬೇಕಾದವರಿಗೆ ಒಂದು ಹಿಡಿ ಕೊಡು ಎಂದು ಹಿಂದೊಮ್ಮೆ ಅವಳಿಗೆ ಹೇಳಿದ್ದವಳೂ ನಾನೇ.

ಅವಳನ್ನೇಕೆ ಬಿಡಿಸಿದಿರಿ ಎಂದು ಕಾಕು ಕೇಳಿದರು.

ಇಲ್ಲಿಯವರೆಗೆ ನಡೆದದ್ದು ತಪ್ಪು. ಇನ್ನು ಮುಂದಿನದು ಬೇರೆ. ಆ ಡಬ್ಬಿ ಹಿಡಿದುಕೊಂಡೇ, ಎಲ್ಲವೂ ಗೊತ್ತಿದ್ದೂ, ಅವಳ ಕೈ ಶುದ್ಧವಿರಲಿಲ್ಲ — ಕದಿಯುತ್ತಾಳೆ ಎಂಬರ್ಥದಲ್ಲಿ — ಎಂದು ಮರಾಠಿಯಲ್ಲಿ ಹೇಳಿದೆ. ಎಷ್ಟು ಮೆಲ್ಲಗೆ, ಎಷ್ಟು ಸಂಭಾವಿತಳಂತೆ ಹೇಳಿದೆ! ವಾರದೊಳಗೆ ಉಳಿದೆರಡು ಮನೆಯವರೂ ನೀಲವ್ವನನ್ನು ಬಿಡಿಸಿದರು. ಅವಳನ್ನು ಒಳಗೆ ಬಿಡಬಾರದು ಎಂದು ಗೇಟಿನ ಕಾವಲುಗಾರನಿಗೆ ಹೇಳಿದರಂತೆ. ನಾನು ಕಿಟಕಿಯ ಪರದೆ ಎಳೆದುಕೊಂಡೆ.

ಕಳೆದ ತಿಂಗಳು ಲಿಫ್ಟಿನಲ್ಲಿ ಹೊಸ ಬಾಡಿಗೆಯವಳೊಬ್ಬಳಿಗೆ ಯಾರೋ ಬುದ್ಧಿ ಹೇಳುತ್ತಿದ್ದರು: ಯಾರನ್ನಾದರೂ ಇಟ್ಟುಕೋ, ಆ ನೀಲವ್ವ ಬಂದು ಕೇಳಿದರೆ ಮಾತ್ರ ಬೇಡ, ಈ ಬಿಲ್ಡಿಂಗಿನಲ್ಲೇ ಯಾರದೋ ಬಂಗಾರದ ಉಂಗುರ ಎತ್ತಿದವಳು ಅವಳು. ನಾನು ಉಂಗುರ ಎಂದಿರಲಿಲ್ಲ! ನಾನಾಡಿದ ಒಂದು ಮಾತು ಗೋಡೆಯೊಳಗಿಂದ ಹಾದು, ಮನೆ ಮನೆಯಲ್ಲಿ ಕೂತು, ಬೆಳೆದು, ಬಂಗಾರವಾಗಿ ನನ್ನೆದುರೇ ನಿಂತಿತ್ತು. ಅದಕ್ಕೆ ನಾನು ಯಾವ ಬೀಗವನ್ನೂ ಹಾಕಿರಲಿಲ್ಲ.

ಕಾವಲುಗಾರನನ್ನು ಕೇಳಿ, ಅವನು ಹೇಳಿದ ಗುರುತು ಹಿಡಿದು ಪುಣೆಯ ಕೊಂಢವಾ ಬಡಾವಣೆಗೆ ಹೋದೆ. ಅಲ್ಲೊಂದು ಖಾನಾವಳಿಯ ಹಿಂಭಾಗದಲ್ಲಿ ನೀಲವ್ವ ರೊಟ್ಟಿ ತಟ್ಟುತ್ತಿದ್ದಳು. "ಬರ್ರಿ ಅಕ್ಕಾರ," ಎಂದಳು, ನಿನ್ನೆಯಷ್ಟೇ ನೋಡಿದವಳಂತೆ. ಎಲ್ಲ ಹೇಳಿದೆ: ಪಟ್ಟಿ, ಫೋನು, ಹಿಂಡಿ. ಕೇಳುತ್ತ ಕೇಳುತ್ತ ಅವಳು ನಗತೊಡಗಿದಳು. ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು.

"ಕೀಲಿಗೆ ಹಿಂಡಿ ಅಂತ ಹೆಸರಿಟ್ಟ ಶಾಣ್ಯಾ ಯಾರ್ರಿ? ಸಾಹೇಬ್ರೇನು? ನಾ ಇಷ್ಟ್ ದಿನ ಒಂದ್ ಹಿಡಿ ಹಿಂಡಿಗೆ ಇವ್ರಿಗೆ ಹೊಟ್ಟಿ ಉರೀತಲ್ಲಾ ಅಂತ ನಿಮ್ಮ ಮ್ಯಾಲ ಮರಕ ಪಟ್ಟೀನಿ!"

ನಾನೂ ನಕ್ಕೆನೇನೋ. ನಕ್ಕು, ತಪ್ಪಾಯಿತು ಎಂದೆ. ಅವಳ ನಗು ನಿಂತಿತು.

"ಇದನ್ನ ನನ್ನ ಮುಂದ್ಯಾಕ ಹೇಳ್ತೀರಿ ಅಕ್ಕಾರ? ನಾ ಕದ್ದಿಲ್ಲಂತ ನನಗ ಗೊತ್ತಿತ್ತಲ್ಲ. ಗೊತ್ತಿಲ್ಲದವ್ರಿಗೆ ಹೇಳ್ರಿ."

ಅಷ್ಟೇ. ದನಿ ಏರಲಿಲ್ಲ. ಮುಂದಿನ ಉಂಡೆ ತೆಗೆದುಕೊಂಡು ತಟ್ಟಲು ಶುರು ಮಾಡಿದಳು. ಅಂಗೈಯ ಕೆಳಗೆ ಹಿಟ್ಟು ಚಂದ್ರನಂತೆ ಹರಡುವುದನ್ನು ನೋಡುತ್ತ ನಿಂತೆ. ನಾಲ್ಕು ವರ್ಷ ನಾನು ನನ್ನೊಳಗೇ ನಡೆಸಿದ ವಾದ ಪ್ರತಿವಾದಗಳನ್ನು ಅವಳು ಒಂದೇ ಉಸಿರಿನಲ್ಲಿ ಮುಗಿಸಿಬಿಟ್ಟಿದ್ದಳು. ನಿಜವನ್ನು ನಾನು ಕನ್ನಡದಲ್ಲಿ, ಅದು ಮೊದಲೇ ಗೊತ್ತಿದ್ದ ಒಬ್ಬಳಿಗೆ ಹೇಳಿ ಹಗುರಾಗಲು ಹೋಗಿದ್ದೆ. ಸುಳ್ಳನ್ನು ಹೇಳಿದ್ದು ಮರಾಠಿಯಲ್ಲಿ.

ಬರುವ ಭಾನುವಾರ ಹನ್ನೊಂದಕ್ಕೆ ನಮ್ಮ ಕಟ್ಟಡದವರ ಸೊಸೈಟಿಯ ಸಭೆ. ಜೋಶಿ ಕಾಕು ಬರುತ್ತಾರೆ, ಲಿಫ್ಟಿನಲ್ಲಿ ಮಾತಾಡಿದವರೂ ಬರುತ್ತಾರೆ. ಹೇಳಬೇಕಾದದ್ದನ್ನು ಮರಾಠಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಮೊದಲ ಸಾಲು 'ಗೈರಸಮಜ ಝಾಲಾ' ಎಂದಿತ್ತು — ತಪ್ಪು ತಿಳಿವಳಿಕೆಯಾಯಿತು ಎಂದು. ಇಂದು ಮತ್ತೆ ಓದಿದೆ. ತಪ್ಪು ತಿಳಿವಳಿಕೆ ಇದ್ದದ್ದು ಮರುದಿನ ಸಂಜೆಯವರೆಗೆ ಮಾತ್ರ. ಆ ಸಾಲನ್ನು ಹೊಡೆದು ಹಾಕಿ, ಅದರ ಮೇಲೆ 'ಮೀ ಖೋಟಂ ಬೋಲಲೆ' ಎಂದು ಬರೆದೆ: ನಾನು ಸುಳ್ಳು ಹೇಳಿದೆ.