ಗಾಜಿಲ್ಲದ ಕನ್ನಡಕ ಮತ್ತು ಜೋಡಿ ಫೋಟೋ

ನಿಶ್ಚಿತಾರ್ಥಕ್ಕೆ ಮೊದಲೇ ನಮ್ಮಿಬ್ಬರ ಜೋಡಿ ಫೋಟೋ ತೆಗೆಸಬೇಕೆಂದು ಹಟ ಹಿಡಿದವರು ನನ್ನ ಅತ್ತೆಯಾಗಲಿದ್ದವರು. ಅವರ ಹಟಕ್ಕೆ ಕಾರಣವಿತ್ತು. ಹಿರಿಯ ಮಗನ ನಿಶ್ಚಿತಾರ್ಥದಲ್ಲಿ ನೆಂಟರ ಪೈಕಿಯವನೊಬ್ಬ ಕ್ಯಾಮೆರಾ ಹಿಡಿದು ಓಡಾಡಿದ್ದ. ರೀಲು ತೊಳೆಸಿ ನೋಡಿದರೆ ಹೋಳಿಗೆ ಬಡಿಸುವ ಕೈಗಳು, ಯಾರದೋ ತುರುಬು, ಶಾಮಿಯಾನದ ಕಂಬ, ಇಷ್ಟೇ ಬಂದಿದ್ದವು. ಉಂಗುರ ತೊಡಿಸುವ ಹೊತ್ತಿಗೆ ಆ ಮಹಾಶಯ ಊಟದ ಪಂಕ್ತಿಯಲ್ಲಿದ್ದನಂತೆ.

"ಈ ಸಲ ಹಂಗಾಗಬಾರದು," ಎಂದು ಅತ್ತೆ ನಮ್ಮ ಮನೆಗೇ ಬಂದು ಹೇಳಿದರು. "ಅವತ್ತ ಉಡೋ ಸೀರಿನೇ ಉಟ್ಕೊಂಡು ಇಬ್ರೂ ಮೊದಲ ಸ್ಟುಡಿಯೋಕ್ಕ ಹೋಗಿ ಬಂದ್ ಬಿಡ್ರಿ. ಆಮ್ಯಾಲೆ ಯಾವನ ಕ್ಯಾಮೆರಾ ಕೆಟ್ರೂ ನನಗ ಚಿಂತಿಲ್ಲ."

ನಾವು ಲಿಂಗಸೂಗೂರು ಕಡೆಯವರು. ಅಪ್ಪ ಗಾರೆ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದಾಗ ನಾನಿನ್ನೂ ಶಾಲೆಗೆ ಹೋಗುವ ಹುಡುಗಿ. ಕಗ್ಗದಾಸಪುರದಲ್ಲಿ ಒಂದೂವರೆ ಕೋಣೆಯ ಬಾಡಿಗೆ ಮನೆ. ಪಿಯುಸಿ ಮುಗಿಸಿದ ಮೇಲೆ ನಾನು ಶಿವಾಜಿನಗರದ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದೆ. ನನಗೆ ಗೊತ್ತಾಗಿದ್ದ ಹುಡುಗನ ಮನೆಯವರೂ ನಮ್ಮ ಕಡೆಯವರೇ. ಕೆ.ಆರ್. ಪುರಂನಲ್ಲಿ ಮನೆ, ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ. ಅವರನ್ನು ಇಲ್ಲಿ 'ಇವರು' ಎಂದೇ ಕರೆಯುತ್ತೇನೆ, ಇಷ್ಟು ವರ್ಷ ಕರೆದ ಹಾಗೆ.

ಹುಡುಗಿ ನೋಡುವ ದಿನ ಇವರ ಮುಖ ನನಗೆ ಕಂಡಿರಲೇ ಇಲ್ಲ. ಆರನೇ ಕ್ಲಾಸಿನಿಂದ ನನಗೆ ದಪ್ಪ ಗಾಜಿನ ಕನ್ನಡಕ. ಅದನ್ನು ಕಂಡರೆ ಗಂಡಿನವರು ಮುಖ ತಿರುಗಿಸುತ್ತಾರೆಂದು ಅವ್ವ ಅವತ್ತು ಬೆಳಿಗ್ಗೆಯೇ ಅದನ್ನು ಕಿತ್ತುಕೊಂಡು ಅಕ್ಕಿ ಡಬ್ಬದೊಳಗೆ ಹೂತಿಟ್ಟಿದ್ದಳು. ಚಾಪೆಯ ಮೇಲೆ ಒಂದು ನೀಲಿ ಬಣ್ಣ, ಒಂದು ಬಿಳಿ ಬಣ್ಣ ಕೂತಿದ್ದವು. ನಾನು ಅಂದಾಜಿನ ಮೇಲೆ ಬಿಳಿ ಬಣ್ಣಕ್ಕೆ ನಾಚಿಕೊಂಡು ಉಪ್ಪಿಟ್ಟು ಕೊಟ್ಟೆ. ಅದು ಹುಡುಗನ ಸೋದರಮಾವ. ಅವರು ಹೋದ ಮೇಲೆ "ನೀನಾದ್ರೂ ಸರಿಯಾಗಿ ನೋಡಿದ್ಯಾ?" ಎಂದು ಅವ್ವನನ್ನು ಕೇಳಿದೆ.

"ನೋಡೀನಿ ಬಿಡು. ಚಂದ ಅದಾನ," ಎಂದಳು, ಬಾಗಿಲ ಮರೆಯಲ್ಲಿ ನಿಂತೇ ಎಲ್ಲವನ್ನೂ ತೀರ್ಮಾನಿಸಿದ್ದ ಅವ್ವ.

ಮುಂದಿನ ವಾರ ಕೆಲಸಕ್ಕೆ ಹೋಗುವಾಗ ಹತ್ತಿದ ಬಸ್ಸು ಇವರದೇ ಆಗಿತ್ತು. ನನ್ನ ಮೂಗಿನ ಮೇಲೆ ಕನ್ನಡಕ. ಇವರು ಹತ್ತಿರ ಬಂದು ನನ್ನ ಗುರುತು ಹಿಡಿದು, ಕನ್ನಡಕ ತೋರಿಸಿ, "ಎಷ್ಟ್ ದಿನದಿಂದ?" ಎಂದರು.

"ಆರನೇ ಕ್ಲಾಸಿಂದ."

"ಚೆನ್ನಾಗಿದೆ," ಎಂದು ಟಿಕೆಟ್ ಹರಿದು ಕೊಟ್ಟು ಮುಂದೆ ಹೋದರು. ಅಲ್ಲಿಗೆ ನನಗೆ ಇವರ ಮುಖವೂ ಕಂಡಿತು, ಸ್ವಭಾವವೂ ಕಂಡಿತು.

ಕೊರತೆ ನನ್ನದೊಂದೇ ಆಗಿರಲಿಲ್ಲ. ಇವರ ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಡ್ರೈವರ್ ಹಾಕಿದ ಬ್ರೇಕಿಗೆ ಬಸ್ಸಿನ ಕಂಬಕ್ಕೆ ಮುತ್ತಿಟ್ಟ ಗುರುತು ಅದು. ಆದ್ದರಿಂದ ಫೋಟೋ ಎಂದರೆ ಬಾಯಿ ಬಿಗಿಹಿಡಿದುಕೊಳ್ಳುತ್ತಿದ್ದರು. ಜೊತೆಗೆ, ನೆಲ ಅಲುಗಾಡದಿದ್ದರೆ ಇವರಿಗೆ ನೆಟ್ಟಗೆ ನಿಲ್ಲಲು ಬರುತ್ತಿರಲಿಲ್ಲ. ಎಡಗಾಲು ಮುಂದೆ, ಭುಜ ಹಿಂದೆ, ಇಲ್ಲದ ಸೀಟಿಗೆ ಸೊಂಟ ಒರಗಿಸಿದ ಹಾಗೆ ಒಂದು ಕಡೆ ವಾಲಿ ನಿಲ್ಲುತ್ತಿದ್ದರು. ನಿಂತ ನೆಲದಲ್ಲಿ ಇವರನ್ನು ಕಂಡವರಿಗೆ ಯಾರೋ ಈಗ ತಾನೇ ತಳ್ಳಿದ ಹಾಗೆ ಕಾಣುತ್ತಿತ್ತು.

ಫೋಟೋ ತೆಗೆಸುವುದು ನಿಕ್ಕಿಯಾದ ಮೇಲೆ ತಯಾರಿ ಶುರುವಾಯಿತು. ಮನೆಯವರ ಕಣ್ಣು ತಪ್ಪಿಸಿ ಎಲ್ಲೂ ಭೇಟಿಯಾಗುವಂತಿರಲಿಲ್ಲ. ನಮ್ಮ ಕನ್ನಡಕದ ಅಂಗಡಿಗೆ ಮಾತ್ರ ಯಾರು ಬೇಕಾದರೂ ಬರಬಹುದಿತ್ತಲ್ಲ? ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಇವರ ಗಾಡಿ ನಿಂತಾಗ, ಗಿರಾಕಿಯ ಹಾಗೆ ಅಂಗಡಿಗೆ ಬಂದು ಫ್ರೇಮು ನೋಡುವ ನೆಪದಲ್ಲಿ ಕನ್ನಡಿಯೆದುರು ನಗುವುದನ್ನು ಅಭ್ಯಾಸ ಮಾಡತೊಡಗಿದರು. ಅಂಗಡಿಯ ಗೋಡೆಗಳ ತುಂಬ ಕನ್ನಡಿಗಳು. ಇವರು ಒಮ್ಮೆ ನಕ್ಕರೆ ಆರು ಕಡೆಯಿಂದ ಹಲ್ಲುನೋವಿನವರು ನನ್ನನ್ನು ನೋಡಿದ ಹಾಗಾಗುತ್ತಿತ್ತು.

ಅಂಗಡಿಯ ಮಾಲೀಕರು ಫ್ರೇಜರ್ ಟೌನಿನವರು. ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಗಿರಾಕಿ ದಿನಾ ಬಂದರೂ ಏನೂ ಕೊಳ್ಳದ್ದನ್ನು ಕಂಡು ವಿಚಾರಿಸಿದಾಗ ನಾನು ನಿಜ ಹೇಳಿಬಿಟ್ಟೆ. ಅವರಿಗೆ ಎಲ್ಲಿಲ್ಲದ ಹುರುಪು ಬಂತು. ಅವತ್ತಿನಿಂದ ತಾವೇ ಮೇಷ್ಟರಾದರು.

"ಬಾಯಿ ಹಿಂಗೆ ಬಿಗಿ ಹಿಡಿಬೇಡಿ ಭಾಯ್. ಥೋಡಾ ಹಲ್ಲು ಕಾಣಿಸ್ಲಿ," ಎಂದರು. ಇವರು ತುಟಿಯನ್ನು ಇನ್ನೂ ಬಿಗಿಹಿಡಿದು ಕೆನ್ನೆಯಿಂದಲೇ ನಗಲು ನೋಡಿದರು. ಸಾಹೇಬರಿಗೆ ತಡೆಯಲಾಗಲಿಲ್ಲ. ಎರಡೂ ಕೈ ಆಡಿಸುತ್ತ, "ನಕ್ಕೋ, ನಕ್ಕೋ!" ಎಂದು ಕೂಗಿದರು. ಅವರ ದಖ್ಖನಿ ಮಾತಿನಲ್ಲಿ ಅದು 'ಬೇಡ, ಬೇಡ' ಎಂದು. ದಿನವಿಡೀ ಬಸ್ಸಿನಲ್ಲಿ ಆ ಮಾತು ಕೇಳುವ ಇವರಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೆ ಅವತ್ತು ತಲೆಯ ತುಂಬ ನಗುವುದೊಂದೇ ಇದ್ದುದರಿಂದ ಅದು ಕನ್ನಡದ ಹಾಗೆ ಕೇಳಿಸಿತು. ಮೇಷ್ಟರು ನಗು ಅಂತಿದಾರೆ ಎಂದುಕೊಂಡು ಇನ್ನಷ್ಟು ಬಿಗಿಯಾಗಿ ನಕ್ಕರು. ಸಾಹೇಬರು ಇನ್ನಷ್ಟು ಜೋರಾಗಿ "ನಕ್ಕೋ ಭಾಯ್, ನಕ್ಕೋ!" ಎಂದರು. ಇವರ ಕಣ್ಣಲ್ಲಿ ನೀರು ಬಂತು. ಓದುವ ಕನ್ನಡಕಕ್ಕೆಂದು ಬಂದಿದ್ದ ಮುದುಕಿಯೊಬ್ಬಳು, "ಪಾಪ, ಬಿಟ್ಬಿಡ್ರಪ್ಪ ಆ ಹುಡುಗನ್ನ," ಎಂದಳು. ನಾನು ಕೌಂಟರಿನ ಕೆಳಗೆ ಕೂತು, ಬಿದ್ದ ಸ್ಕ್ರೂ ಹುಡುಕುವವಳ ಹಾಗೆ ನಟಿಸುತ್ತ ಬಾಯಿಗೆ ಸೆರಗು ತುರುಕಿಕೊಂಡೆ.

ನನ್ನ ಕನ್ನಡಕದ ವಿಷಯ ಇನ್ನೂ ಕಗ್ಗಂಟಾಗಿತ್ತು. ಅದನ್ನು ತೆಗೆದು ಫೋಟೋಕ್ಕೆ ನಿಲ್ಲಬೇಕೆಂದು ಅವ್ವ. ಹಾಕಿಕೊಂಡೇ ನಿಲ್ಲಬೇಕೆಂದು ಇವರು. "ಅದಿಲ್ದೆ ನೋಡಿದ್ರೆ ಬೇರೆ ಯಾರನ್ನೋ ಮದ್ವೆ ಆಗ್ತಿದೀನಿ ಅನ್ಸತ್ತೆ," ಎಂದರು. ಸ್ಟುಡಿಯೋದವರನ್ನು ವಿಚಾರಿಸಿದರೆ, ದಪ್ಪ ಗಾಜಾದರೆ ಫ್ಲ್ಯಾಶ್ ಬೆಳಕು ಹೊಡೆದು ಕಣ್ಣಿನ ಜಾಗದಲ್ಲಿ ಎರಡು ಬಿಳಿ ಬಿಲ್ಲೆ ಬರುತ್ತದೆ ಎಂದರು. ಕೊನೆಗೆ ಸಾಹೇಬರೇ ದಾರಿ ತೋರಿಸಿದರು. ನನ್ನದರಂಥದೇ ಖಾಲಿ ಫ್ರೇಮೊಂದನ್ನು ಶೋಕೇಸಿನಿಂದ ತೆಗೆದು, "ಇದಕ್ಕೆ ಗಾಜೇ ಇಲ್ಲ. ಬೆಳಕು ಎಲ್ಲಿ ಹೊಡಿತದೆ? ದಪ್ಪ ಗಾಜಿಲ್ಲ ಅಂತ ನಿಮ್ಮ ಅಮ್ಮಂಗೂ ಖುಷಿ, ಫ್ರೇಮ್ ಇದೆ ಅಂತ ಇವ್ರಿಗೂ ಖುಷಿ," ಎಂದರು. ಅದನ್ನು ಹಾಕಿಕೊಂಡರೆ ನನಗೆ ಕಣ್ಣು ಕಾಣುವುದಿಲ್ಲ ಎಂಬುದು ಯಾರಿಗೂ ಮುಖ್ಯವಾಗಿ ತೋರಲಿಲ್ಲ.

ಸ್ಟುಡಿಯೋ ಹಲಸೂರಿನಲ್ಲಿತ್ತು. ಭಾನುವಾರ ಬೆಳಿಗ್ಗೆ ನಾನು ಹಸಿರು ರೇಷ್ಮೆ ಸೀರೆಯುಟ್ಟು ಆಟೋದಲ್ಲಿ ಹೋದೆ. ಕಾವಲಿಗೆ ಅವ್ವ ಬಂದಳು. ಇವರು ಮೊದಲೇ ಬಂದು ಬಾಗಿಲಲ್ಲಿ ವಾಲಿಕೊಂಡು ನಿಂತಿದ್ದರು. ಒಳಗೆ ಬಣ್ಣ ಬಳಿದ ಜಲಪಾತದ ಪರದೆ, ಎರಡು ದೀಪಗಳ ಹಿಂದೆ ಬಿಳಿ ಕೊಡೆಗಳು. ಸ್ಟುಡಿಯೋದ ಯಜಮಾನರು ತಮಿಳಿನವರು, ವಯಸ್ಸಾದವರು, ಮೆತ್ತಗಿನ ಮಾತು. ಅಂಗಿ ಸಾಲದೆಂದು ಇವರಿಗೆ ತಮ್ಮ ಕಪ್ಪು ಕೋಟು ತೊಡಿಸಿದರು. ಅದರೊಳಗೆ ಇನ್ನೊಬ್ಬರಿಗೂ ಜಾಗವಿತ್ತು. ಹೆಚ್ಚಾದ ಬಟ್ಟೆಯನ್ನು ಬೆನ್ನ ಹಿಂದೆ ಒಟ್ಟು ಮಾಡಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಸಾಲಾಗಿ ಸಿಕ್ಕಿಸಿ, "ಹಿಂದ್ಗಡೆ ಯಾರ್ ನೋಡ್ತಾರೆ ಸಾರ್," ಎಂದರು.

ನಾನು ನನ್ನ ಕನ್ನಡಕ ತೆಗೆದು ಅವ್ವನ ಕೈಗೆ ಕೊಟ್ಟು, ಖಾಲಿ ಫ್ರೇಮು ಏರಿಸಿಕೊಂಡೆ. ಸ್ಟುಡಿಯೋ ಕರಗಿಹೋಯಿತು.

"ಅಮ್ಮಾ, ಇಲ್ಲಿ ನೋಡಿ. ಸ್ವಲ್ಪ ನಗು."

ನಾನು ಮನಸಾರೆ ನಕ್ಕೆ.

"ಅದು ಕೊಡೆಮ್ಮಾ. ನಾನು ಇಲ್ಲಿದೀನಿ."

ಧ್ವನಿ ಬಂದ ಕಡೆ ತಿರುಗಿದೆ. ಆಗ ಇವರ ಸರದಿ. "ಸಾರ್, ನೇರಾ ನಿಂತ್ಕೊಳ್ಳಿ. ನೀವು ವಾಲಿದ್ರೆ ಹಿಂದೆ ಜಲಪಾತ ಬಿದ್ದೋಗೋ ಹಂಗೆ ಕಾಣ್ತದೆ." ಇವರು ನೇರವಾದರು. ನೇರವಾದ ಕೂಡಲೇ ಬಾಯಿ ಬಿಗಿಯಾಯಿತು. ಬಾಯಿ ಸಡಿಲಿಸಿದರೆ ಮತ್ತೆ ಮೈ ವಾಲಿತು. ಎರಡನ್ನೂ ಒಟ್ಟಿಗೆ ಹಿಡಿಯುವ ಪ್ರಯತ್ನದಲ್ಲಿ ಬೆನ್ನಿನ ಕ್ಲಿಪ್ಪೊಂದು ಪಟ್ಟೆಂದು ಹಾರಿತು. ಹೀಗೇ ಒಂದೆರಡು ಫೋಟೋ ಆದವು. ಯಜಮಾನರು ದೊಡ್ಡದಾಗಿ ಉಸಿರು ಬಿಟ್ಟು, "ಇದು ಲಾಸ್ಟು. ಇಬ್ರೂ ಅಲ್ಲಾಡಬೇಡಿ. ರೆಡಿ," ಎಂದರು.

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಅವ್ವನಿಗೆ ಬೇಸರ ಬಂದಿರಬೇಕು. ಮಗಳು ಇಷ್ಟು ವರ್ಷ ಹಾಕಿಕೊಳ್ಳುವ ಈ ಗಾಜಿನಲ್ಲಿ ಏನಿದೆ ನೋಡೋಣವೆಂದು ನನ್ನ ಕನ್ನಡಕವನ್ನು ಮೂಗಿಗೇರಿಸಿದಳು. ಯಜಮಾನರ ಬೆರಳು ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ ಕಿರುಚಿದಳು:

"ಅಯ್ಯ ಶಿವನ! ಹುಡುಗನ ಗದ್ದದ ಮ್ಯಾಲೆ ಮಚ್ಚಿ ಐತಲ್ಲ!"

ಫ್ಲ್ಯಾಶ್ ಬೆಳಗಿತು. ಇವರ ಕೈ ಗದ್ದದ ಮೇಲೆ, ನನ್ನ ಮುಖ ಅವ್ವನ ಕಡೆಗೆ. ಯಜಮಾನರು ಕ್ಯಾಮೆರಾದ ಹಿಂದಿನಿಂದ ತಲೆಯೆತ್ತಿ, "ಮುಗೀತು," ಎಂದರು. ರೀಲಿನ ಬಗ್ಗೆಯೋ ತಮ್ಮ ತಾಳ್ಮೆಯ ಬಗ್ಗೆಯೋ ತಿಳಿಯಲಿಲ್ಲ.

ಅವ್ವನಿಗೆ ಮಾತ್ರ ಇದಾವುದರ ಪರಿವೆಯೂ ಇರಲಿಲ್ಲ. ಇವರ ಹತ್ತಿರ ಬಂದು, ಹಿಂದೆ ಸರಿದು, ಮತ್ತೆ ನೋಡಿದಳು. "ಹುಬ್ಬು ಕೂಡ್ಯಾವ. ಚಲೋ ಅದಾನ," ಎಂದಳು. ಹಾಗಾದರೆ ಅವತ್ತು ಬಾಗಿಲ ಮರೆಯಿಂದ ಕಂಡಿದ್ದೇನು? ಕೇಳಿದ್ದಕ್ಕೆ, "ಮಂದಿ ಮಾರಿ ದೂರದಿಂದ ಎಲ್ಲಾರಿಗೂ ಹಂಗ ಮಸಕ ಮಸಕ ಕಾಣ್ತದ ಅನ್ಕೊಂಡಿದ್ನಿ," ಎಂದಳು. ನಲವತ್ತು ದಾಟಿದ ಹೆಂಗಸು, ಜನ್ಮದಲ್ಲಿ ಮೊದಲ ಸಲ ಜಗತ್ತಿಗೆ ಅಂಚುಗಳಿವೆ ಎಂದು ಕಂಡುಕೊಂಡಿದ್ದಳು.

ಕನ್ನಡಕ ವಾಪಸು ಕೊಡು ಎಂದರೆ ಕೊಡಲಿಲ್ಲ. "ತಡಿ, ಸ್ವಲ್ಪ ತಡಿ," ಎನ್ನುತ್ತ ಬೀದಿಗಿಳಿದಳು. ಎಷ್ಟೋ ಸಲ ಓಡಾಡಿದ್ದ ಹಲಸೂರಿನ ಬೀದಿಯಲ್ಲಿ ಮೊದಲ ಸಲ ಬಂದವಳ ಹಾಗೆ ಕತ್ತೆತ್ತಿ ನಡೆದಳು. "ಗುಡಿ ಗೋಪುರದ ತುಂಬ ಗೊಂಬಿ ಅದಾವ! ತಂತಿ ಮ್ಯಾಲೆ ಗುಬ್ಬಿ ಕುಂತಾವ ನೋಡ್ರಿ!" ನಾವು ಹಿಂದೆ ಉಳಿದೆವು. ನನಗೆ ರಸ್ತೆಯೂ ಕಾಣಿಸದು, ಬರುವ ಆಟೋಗಳೂ ಕಾಣಿಸವು. ಇವರು ಒಂದು ಗಳಿಗೆ ಅನುಮಾನಿಸಿ ನನ್ನ ಕೈ ಹಿಡಿದರು. ನಮ್ಮನ್ನು ಕಾಯಲು ಬಂದ ಅವ್ವ ನನ್ನ ಕಣ್ಣುಗಳನ್ನು ಹಾಕಿಕೊಂಡು ಮುಂದೆ ಮುಂದೆ ಹೋಗುತ್ತಿದ್ದಳು. ನಾವು ಬೇಕೆಂದೇ ನಿಧಾನವಾಗಿ, ಒಂದು ರಸ್ತೆ ಜಾಸ್ತಿಯೇ ದಾಟಿದೆವು. ಆ ಕೈ ಒಂದಿಷ್ಟೂ ವಾಲಲಿಲ್ಲ.

ಫೋಟೋಗಳು ಬಂದಾಗ ನಾವಿಬ್ಬರೂ ತಲೆ ತಗ್ಗಿಸಿ ಅತ್ತೆಯೆದುರು ನಿಂತೆವು. ಅವರು ಮೊದಲಿನವನ್ನು ಪಕ್ಕಕ್ಕಿಟ್ಟು ಕೊನೆಯದನ್ನೇ ಹಿಡಿದುಕೊಂಡರು.

"ನೋಡ್ರಿ, ನನ್ ಮಗ ಗದ್ದಕ್ಕ ಕೈ ಕೊಟ್ಕೊಂಡು ಹೆಂಗ ವಿಚಾರ ಮಾಡಾಕತ್ಯಾನ! ಸೊಸಿ ನೋಡ್ರಿ, ಎಷ್ಟ್ ಮರ್ಯಾದಿ! ಗಂಡನ ಕಡೀನೂ ನೋಡವಲ್ಲಳು, ಕ್ಯಾಮೆರಾದ ಕಡೀನೂ ನೋಡವಲ್ಲಳು."

ಅದನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಅದರಲ್ಲೂ ಇವರು ವಾಲಿಕೊಂಡೇ ಇದ್ದುದರಿಂದ ಬಂದವರೆಲ್ಲ ಕಟ್ಟು ಸೊಟ್ಟಗಿದೆಯೆಂದು ನೇರ ಮಾಡುತ್ತಿದ್ದರು. ಕಟ್ಟನ್ನು ತಿರುಗಿಸಿ ಇವರನ್ನು ನೆಟ್ಟಗೆ ಮಾಡಿದರೆ ನಾನು ಬೀಳುವ ಹಾಗೆ ಕಾಣುತ್ತಿದ್ದೆ.

ಫೋಟೋ ತೆಗೆಸಿದ ಮರುದಿನ ಸೋಮವಾರವೇ ನಾನು ಅವ್ವನನ್ನು ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಸಾಹೇಬರು ತಾವೇ ಕೂತು ಕಣ್ಣು ಪರೀಕ್ಷೆ ಮಾಡಿ, "ತಾಯಿ ಮಗಳು ಬರಾಬರ್ ಒಂದೇ ನಂಬರ್," ಎಂದು ನಕ್ಕರು. ನಿಶ್ಚಿತಾರ್ಥದ ಹೊತ್ತಿಗೆ ಅವ್ವನ ಕನ್ನಡಕ ತಯಾರಾಗಿತ್ತು. ಕೆ.ಆರ್. ಪುರಂನ ಒಂದು ಸಣ್ಣ ಸಭಾಂಗಣದಲ್ಲಿ ಶಾಸ್ತ್ರ ನಡೆಯುತ್ತಿದ್ದಷ್ಟು ಹೊತ್ತೂ ಅವಳು ಬೇರೆ ಹೆಣ್ಣುಮಕ್ಕಳ ತಾಯಂದಿರ ಹಾಗೆ ಕಣ್ಣೀರು ಹಾಕಲಿಲ್ಲ. ಬೀಗಿತ್ತಿಯ ಸೀರೆಯ ಅಂಚು, ಛಾವಣಿಯ ಜೇಡರ ಬಲೆ, ಪುರೋಹಿತರ ಕಿವಿಯ ಕೂದಲು, ಎಲ್ಲವನ್ನೂ ಒಂದೊಂದಾಗಿ ನೋಡುತ್ತ ಕೂತಿದ್ದಳು. ಕೊನೆಗೆ ಪಕ್ಕದಲ್ಲಿದ್ದ ಅಪ್ಪನ ಕಡೆ ತಿರುಗಿ, ಬಹಳ ಹೊತ್ತು ನೋಡಿ, ಎಲ್ಲರಿಗೂ ಕೇಳಿಸುವಂತೆ ಅಂದಳು:

"ಅಲ್ರೀ, ನಿಮ್ಮ ತಲಿ ಯಾವಾಗ ಇಷ್ಟ್ ಬೆಳ್ಳಗಾತು?"

ಅಪ್ಪ ಹೆಗಲ ಮೇಲಿನ ಟವೆಲ್ಲನ್ನು ಬೇಗ ಬೇಗ ತಲೆಗೆ ಸುತ್ತಿಕೊಂಡು, ಅಡುಗೆ ಎಲ್ಲಿಗೆ ಬಂತೋ ನೋಡಿ ಬರುತ್ತೇನೆಂದು ಎದ್ದು ಹೋದ.